ಹಗಲು ಕುಣಿಯುವ ಕಪ್ಪೆ, ರಾತ್ರಿ ವಟಗುಟ್ಟುವ ಕಪ್ಪೆ

ಕೊಟ್ಟಿಗೆಹಾರದ ಕುಣಿಯುವ ಕಪ್ಪೆ ಅಳಿವಿನ ಅಂಚಿನಲ್ಲಿದೆ ಎಂದು ಹಿಂದಿನ ಸಂಚಿಕೆಯಲ್ಲಿ ನಾವು ಬರೆದಿದ್ದೆವು. ಬಣಕಲ್ ಕಡೆಯ ಕಾಫಿ ಬೆಳೆಗಾರರೊಬ್ಬರಿಗೆ ಅದು ಸರಿ ಕಂಡಿಲ್ಲ. ಅವರ ಪತ್ರದ ಸಾರ ಇಷ್ಟು: "ಮಳೆಗಾಲದಲ್ಲಿ ಕಪ್ಪೆ ಕೂಗಿಗೆ ನಮಗೆ ನಿದ್ದೆಯೇ ಬರಲ್ಲ. ಅಂಗಳದಲ್ಲಿ ಕಾಲಿಟ್ಟಲ್ಲೆಲ್ಲ ಕಪ್ಪೆ. ಇದು ಅಳಿವಿನ ಅಂಚು ಹೇಗಾಯ್ತು? ಹುಲಿ ಉಳಿಸಿ ಅಂದ್ರೆ ಅರ್ಥ ಆಗುತ್ತೆ, ಕಪ್ಪೆಯಿಂದ ಯಾರಿಗೆ ಏನು? ಕೊನೆಗೆ ಇದೇ ನೆಪ ಮಾಡ್ಕೊಂಡು ತೋಟಕ್ಕೆ ಕೈ ಹಾಕ್ತಾರೆ, ಅಷ್ಟೇ."

ಬೆಳೆಗಾರರೇ, ಮೊದಲು ಕಪ್ಪೆಯ ಗುರುತು ಸರಿಮಾಡಿಕೊಳ್ಳೋಣ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಬೇರೆ ಕಪ್ಪೆಗಳು. ಕುಣಿಯುವ ಕಪ್ಪೆ ಅಂಗಳಕ್ಕೆ ಬರುವುದಿಲ್ಲ. ನೆರಳಿರುವ, ನೀರು ಬತ್ತದ ಹಳ್ಳದ ಬಂಡೆಗಳೇ ಅದರ ಮನೆ. ಕೂಗುವುದು ಹಗಲಲ್ಲಿ. ಗಾತ್ರ ಎರಡು ಮೂರು ಸೆಂಟಿಮೀಟರ್. ಹಳ್ಳದ ಸದ್ದಿನಲ್ಲಿ ಅಷ್ಟು ಸಣ್ಣ ಜೀವದ ದನಿ ಯಾರಿಗೆ ಕೇಳೀತು? ಅದಕ್ಕೇ ಗಂಡು ಕಪ್ಪೆ ಬಂಡೆಯ ಮೇಲೆ ಕೂತು ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳು ಅಗಲಿಸಿ, ಬಾವುಟದ ಹಾಗೆ ಬೀಸುತ್ತದೆ. ಪಕ್ಕದ ಬಂಡೆಯ ಗಂಡಿಗೆ 'ಇದು ನನ್ನ ಜಾಗ' ಅನ್ನುವ ಎಚ್ಚರಿಕೆ ಅದು. ಬೇಲಿ ಜಗಳ ಬರೀ ನಮ್ಮದೇ ಅಂದುಕೊಂಡಿದ್ದಿರಾ?

ಇದಕ್ಕೆ ವಿಜ್ಞಾನದಲ್ಲಿ ಹೆಸರು ಕೊಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್, 1937ರಲ್ಲಿ. ಆಗ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಕಪ್ಪೆ ಸಿಕ್ಕಿದ ಊರಿನ ಹೆಸರನ್ನೇ ಇಟ್ಟರು: ಕೊಟ್ಟಿಗೆಹಾರೆನ್ಸಿಸ್. ನೀರುದೋಸೆಗೆ ಬಸ್ಸು ನಿಲ್ಲುವ ನಮ್ಮ ಕೊಟ್ಟಿಗೆಹಾರದ ಹೆಸರು ಹೀಗೆ ಜಗತ್ತಿನ ಪುಸ್ತಕಗಳಲ್ಲಿ ಸೇರಿಕೊಂಡಿದೆ.

ಇನ್ನು ನಿಮ್ಮ 'ಹೇಗೆ' ಅನ್ನುವ ಪ್ರಶ್ನೆ. ಜೀವಿಗಳು ಎರಡು ದಾರಿಯಲ್ಲಿ ಈ ಅಂಚಿಗೆ ಬರುತ್ತವೆ. ಒಂದು ರಣಹದ್ದಿನ ದಾರಿ. ದನ ಸತ್ತರೆ ಊರಾಚೆ ಎಳೆದು ಹಾಕುತ್ತಿದ್ದ ಕಾಲ ನಿಮಗೆ ನೆನಪಿರಬೇಕು. ರಣಹದ್ದುಗಳು ಬಂದು ಮೂಳೆ ಮಾತ್ರ ಬಿಟ್ಟು ಹೋಗುತ್ತಿದ್ದವು. ಇಡೀ ದೇಶದಲ್ಲಿ ಅವು ಲಕ್ಷಗಟ್ಟಲೆ ಇದ್ದವು. ಆಮೇಲೆ ದನಗಳ ನೋವಿಗೆ ಡೈಕ್ಲೋಫಿನಾಕ್ ಇಂಜೆಕ್ಷನ್ ಬಂತು. ಆ ಮದ್ದು ಮೈಯಲ್ಲಿದ್ದು ಸತ್ತ ದನವನ್ನು ತಿಂದ ಹದ್ದಿಗೆ ಮೂತ್ರಪಿಂಡ ಕೆಟ್ಟು ಕೆಲವೇ ದಿನದಲ್ಲಿ ಸಾವು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿಯಿತು. ಕಾರಣ ಗೊತ್ತಾಗಿದ್ದೇ 2004ರಲ್ಲಿ. ದನಗಳಿಗೆ ಆ ಮದ್ದು ಕೊಡುವುದನ್ನು ಸರ್ಕಾರ ನಿಲ್ಲಿಸಿದ್ದು 2006ರಲ್ಲಿ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಕಳೆದುಕೊಂಡದ್ದನ್ನು ಇನ್ನೂ ತುಂಬಿಕೊಂಡಿಲ್ಲ. ಅದನ್ನು ಕೊಲ್ಲಬೇಕೆಂದು ಯಾರೂ ಹೊರಟಿರಲಿಲ್ಲ, ಅಲ್ವಾ? ದನದ ನೋವು ಕಡಿಮೆಯಾಗಲಿ ಅಂತಲೇ ಎಲ್ಲರೂ ಇಂಜೆಕ್ಷನ್ ಕೊಡಿಸಿದ್ದು.

ಎರಡನೆಯದು ಕಪ್ಪೆಯ ದಾರಿ. ಇದು ದೇಶದ ತುಂಬ ಇದ್ದು ಕಡಿಮೆಯಾದ ಜೀವಿಯಲ್ಲ. ಮೊದಲಿಂದಲೂ ನಮ್ಮ ಘಟ್ಟದ ಒಂದಿಷ್ಟು ಹಳ್ಳಗಳಲ್ಲಿ ಮಾತ್ರ ಇದ್ದದ್ದು. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯ ಎಂದು ಹೇಳುವ ಕೆಂಪು ಪಟ್ಟಿ ಮಾಡುವಾಗ ತಲೆ ಎಣಿಸುವುದು ಮಾತ್ರವಲ್ಲ, ಜಾಗವನ್ನೂ ಅಳೆಯುತ್ತದೆ. ಒಂದು ಜೀವಿ ಹರಡಿರುವ ಪ್ರದೇಶ 100 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು, ಅದೂ ತುಂಡುತುಂಡಾಗಿ ಹಾಳಾಗುತ್ತಾ ಇದ್ದರೆ ತೀರಾ ಅಪಾಯದ ಗುಂಪಿಗೆ ಸೇರಿಸಬಹುದು. ಹಾಗಾಗಿ ನಿಮ್ಮ ಹಳ್ಳದಲ್ಲಿ ಇವತ್ತು ಐವತ್ತು ಕುಣಿಯುವ ಕಪ್ಪೆ ಕಂಡರೂ ನಮ್ಮ ಮಾತು ಸುಳ್ಳಾಗುವುದಿಲ್ಲ. ಅಂಥ ಹಳ್ಳ ಇನ್ನೆಷ್ಟು ಉಳಿದಿದೆ ಅನ್ನುವುದೇ ಪ್ರಶ್ನೆ.

ಹಳ್ಳ ಹೇಗೆ ಹಾಳಾಗುತ್ತದೆ ಅನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ನಮ್ಮ ಮನೆಯದ್ದೇ ಒಂದು ಕತೆ ಕೇಳಿ. ಸಕಲೇಶಪುರದ ಹತ್ತಿರ ನಮ್ಮ ದೊಡ್ಡಪ್ಪನ ತೋಟ. ಮಳೆಗೆ ಮುಂಚೆ ಗಿಡದ ರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ, ಹೊಡೆಯುವ ದಿನ ನಮಗೆ ಹಬ್ಬ. ಮೈಲುತುತ್ತಿನ ನೀಲಿ ನೋಡುವುದೇ ಚೆಂದ. ಸಂಜೆ ಡ್ರಮ್ಮು, ಪೈಪು ಎಲ್ಲ ಹಳ್ಳಕ್ಕೆ ತಗೊಂಡು ಹೋಗಿ ತೊಳೆಯುತ್ತಿದ್ದೆವು. ಮಾರನೇ ದಿನ ಕೆಳಗಿನ ಗುಂಡಿಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹುಡುಗರು ನಾವು ಸುಮ್ನೆ ಕೋಲಲ್ಲಿ ತಿವಿದು ಆಡಿದ್ದೇ ಆಡಿದ್ದು. ಮೈಲುತುತ್ತಿನಲ್ಲಿರುವ ತಾಮ್ರ ಮೀನಿಗೂ ಗೊದಮೊಟ್ಟೆಗೂ ವಿಷ ಅಂತ ದೊಡ್ಡಪ್ಪನಿಗೆ ಯಾರೂ ಹೇಳಿರಲಿಲ್ಲ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿನದು ಇನ್ನೂ ದೊಡ್ಡ ತಾಪತ್ರಯ. ಕುಣಿಯುವ ಕಪ್ಪೆ ಮಳೆಯ ಅಬ್ಬರದಲ್ಲಿ ಮೊಟ್ಟೆ ಇಡುವುದಿಲ್ಲ. ಮಳೆ ಇಳಿದು ಹಳ್ಳ ತಿಳಿಯಾಗುವವರೆಗೆ ಕಾಯುತ್ತದೆ. ಹೆಣ್ಣು ಹಿಂಗಾಲಲ್ಲಿ ಮರಳು ಕೆದಕಿ ಮೊಟ್ಟೆ ಇಟ್ಟು ಮುಚ್ಚುತ್ತದೆ. ಈ ಗುಂಪಿನ ಕಪ್ಪೆಗಳ ಗೊದಮೊಟ್ಟೆ ಮರಳಿನೊಳಗೇ ಹುದುಗಿ ಬೆಳೆಯುತ್ತದೆ ಅಂತ ವಿಜ್ಞಾನಿಗಳಿಗೆ ಗೊತ್ತಾಗಿದ್ದು ಈಚೆಗೆ. ಸರಿಯಾಗಿ ಕಪ್ಪೆ ಮೊಟ್ಟೆ ಇಡುವ ಹೊತ್ತಿಗೇ ನಮ್ಮಲ್ಲಿ ಹಣ್ಣು ಕೊಯ್ಲು, ಪಲ್ಪಿಂಗ್. ಹಣ್ಣಿನ ಸಿಹಿ ಲೋಳೆ ಹಳ್ಳ ಸೇರಿದರೆ ಕೊಳೆತು ನೀರಿನ ಆಮ್ಲಜನಕ ಹೀರುತ್ತದೆ. ನೀರು ಹರಿಯುತ್ತಲೇ ಇರುತ್ತದೆ, ಮರಳಿನಡಿಯ ಗೊದಮೊಟ್ಟೆ ಉಸಿರು ಕಟ್ಟಿ ಸಾಯುತ್ತದೆ.

ಇದರ ಜೊತೆಗೆ ಸಿಲ್ವರ್ ಓಕ್. ಬೇಗ ಬೆಳೆಯುತ್ತದೆ, ಮೆಣಸು ಹಬ್ಬಿಸಬಹುದು, ಕಡಿಯಲು ತಕರಾರಿಲ್ಲ. ಹಾಕಿದವರನ್ನು ನಾನು ಬೈಯಲ್ಲ. ಆದರೆ ಹಳ್ಳದ ದಡದ ಅತ್ತಿ, ಬಸರಿ, ಹಲಸು ಹೋಗಿ ಇದೊಂದೇ ನಿಂತರೆ ನೆರಳು ತೆಳುವಾಗುತ್ತದೆ. ಕಪ್ಪೆಯ ಚರ್ಮ ಬಿಸಿಲು ತಡೆಯುವುದಿಲ್ಲ. ಬೇಸಿಗೆಯಲ್ಲಿ ಮೋಟಾರಿಟ್ಟು ಹಳ್ಳವನ್ನೇ ಬರಿದು ಮಾಡುವುದು, ಸೊಳ್ಳೆ ತಿನ್ನಲಿ ಅಂತ ಬಿಟ್ಟ ಗಾಂಬೂಸಿಯಾ ಮೀನು ಗೊದಮೊಟ್ಟೆಯನ್ನೂ ತಿನ್ನುವುದು, ಇವೂ ಇವೆ.

ಕಪ್ಪೆಯಿಂದ ಯಾರಿಗೆ ಏನು ಅಂದಿರಿ. ಅದು ಹೋದರೆ ನಿಮ್ಮ ಕಾಫಿ ಒಂದು ಮೂಟೆಯೂ ಕಡಿಮೆಯಾಗಲಿಕ್ಕಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಒಪ್ಪಿಸುವ ಆಸೆ ನನಗಿಲ್ಲ. ಆದರೆ ಕಪ್ಪೆ ಚರ್ಮದಿಂದಲೂ ಉಸಿರಾಡುವ ಪ್ರಾಣಿ. ನೀರಿನಲ್ಲಿ ಏನಿದ್ದರೂ ಮೊದಲು ಅದರ ಮೈಗೆ ಇಳಿಯುತ್ತದೆ. ಹೇಮಾವತಿ ಹುಟ್ಟುವುದು ನಿಮ್ಮ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಹಾಸನದಲ್ಲಿ ಕೂತು ಈ ಉತ್ತರ ಬರೆಯುತ್ತಾ ನಾನು ಕುಡಿಯುತ್ತಿರುವ ನೀರೂ ಅದೇ. ಹಾಗಾಗಿ ನನಗೆ ಸ್ವಲ್ಪ ಸ್ವಾರ್ಥವೂ ಇದೆ ಅಂತ ಇಟ್ಟುಕೊಳ್ಳಿ.

ತೋಟದ ಭಯ ನಮ್ಮ ಕಡೆ ಎಲ್ಲರಿಗೂ ಇದೆ. ಘಟ್ಟದ ಒಂದು ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡಿ ಅಂದ ಕಸ್ತೂರಿರಂಗನ್ ವರದಿ ಬಂದಾಗಿನಿಂದ ಜಾಸ್ತಿಯಾಗಿದೆ. ಆದರೆ ಕೆಂಪು ಪಟ್ಟಿ ಕಾನೂನಲ್ಲ. ಅದರಲ್ಲಿ ಹೆಸರು ಬಂತು ಅಂತ ಯಾರ ಜಮೀನೂ ಹೋಗುವುದಿಲ್ಲ. ಹುಲಿಯ ವಿಷಯ ಬೇರೆ. ಅದಕ್ಕೆ ದೊಡ್ಡ ಕಾಡೇ ಬೇಕು. ಭದ್ರಾ ಕಾಡಿನೊಳಗಿಂದ 2002ರ ಸುಮಾರಿಗೆ 400ಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬರಬೇಕಾಯಿತು. ಈ ಕಪ್ಪೆಗೆ ಅಂಥದ್ದೇನೂ ಬೇಡ. ಶೃಂಗೇರಿ ಮಠದ ಮುಂದೆ ತುಂಗೆಯಲ್ಲಿ ಮೀನು ಅಷ್ಟು ದೊಡ್ಡದಾಗಿ, ನಿರ್ಭಯವಾಗಿ ಇರುವುದು ಅಲ್ಲಿ ಯಾರೂ ಬಲೆ ಹಾಕುವುದಿಲ್ಲ ಅನ್ನುವ ಕಾರಣಕ್ಕೆ. ನಿಮ್ಮ ಹಳ್ಳದಲ್ಲೂ ಹೆಚ್ಚಿನದೇನಿಲ್ಲ. ಬೋರ್ಡೋ ಡ್ರಮ್ಮನ್ನು ದಡದಿಂದ ದೂರ ತೊಳೆಯಿರಿ. ಪಲ್ಪರ್ ನೀರಿಗೆ ಗುಂಡಿ ಮಾಡಿಸಿ. ದಡದ ಹಳೇ ಮರಗಳಿಗೆ ಕೊಡಲಿ ಹಾಕಬೇಡಿ. ಇದನ್ನು ಅರಣ್ಯ ಇಲಾಖೆ ಬಂದು ಮಾಡಲಾರದು, ನೀವೇ ಮಾಡಬೇಕು.

ಮಳೆ ಇಳಿದ ಮೇಲೆ ಒಂದು ಹಗಲು ಹಳ್ಳದ ಹತ್ತಿರ ಹೋಗಿ ಅರ್ಧ ಗಂಟೆ ಅಲ್ಲಾಡದೆ ಕೂತು ನೋಡಿ. ಕಾಲು ಬೀಸುವ ಕಪ್ಪೆ ಕಂಡರೆ ಹಿಡಿಯಬೇಡಿ, ಮೊಬೈಲಲ್ಲಿ ವಿಡಿಯೊ ಮಾಡಿ ನಮಗೆ ಕಳಿಸಿ. ಫೇಸ್‌ಬುಕ್ಕಿಗೆ ಹಾಕುವುದಾದರೆ ಜಾಗದ ಹೆಸರು ಬೇಡ, ಮಾರನೇ ದಿನವೇ ಜೀಪುಗಳು ಬಂದು ನಿಲ್ಲುತ್ತವೆ. ಅದು ಅದೇ ಕಪ್ಪೆ ಅಂತಾದರೆ ನಾನೇ ನೋಡಲು ಬರುತ್ತೇನೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ನನ್ನ ಲೆಕ್ಕ.

ಸಂಪಾದಕ