ಕ್ಷಮಿಸಿದ ಮೇಲೂ ನಂಬಲಾಗದಿದ್ದರೆ

ಪ್ರಶ್ನೆ: ಮಗ ಕುಡಿತದ ಚಟಕ್ಕೆ ಬಿದ್ದಿರುವ ಸಂಗತಿಯನ್ನು 12 ವರ್ಷಗಳ ಗೆಳತಿಯ ಮುಂದೆ ಅತ್ತು ಹೇಳಿಕೊಂಡಿದ್ದೆ. ಅವಳು ಅದನ್ನು ಚರ್ಚಿನ ಪ್ರಾರ್ಥನಾ ಕೂಟದಲ್ಲಿ ‘ಪ್ರಾರ್ಥನಾ ವಿಷಯ’ವೆಂದು ಎಲ್ಲರ ಮುಂದಿಟ್ಟಳು. ಮಗ ಆರಾಧನೆಗೆ ಬರುವುದನ್ನೇ ಬಿಟ್ಟಿದ್ದಾನೆ. ಸಭೆಯ ಹಿರಿಯರು ‘ಕ್ಷಮಿಸಿ, ಮೊದಲಿನಂತೆ ಇರಿ’ ಎನ್ನುತ್ತಾರೆ. ಕ್ಷಮಿಸಿದ್ದೇನೆಂದು ದೇವರ ಮುಂದೆ ಹೇಳಿದ್ದೇನೆ. ಆದರೆ ಅವಳನ್ನು ಕಂಡೊಡನೆ ಬಾಯಿ ಕಟ್ಟುತ್ತದೆ. ನನ್ನ ಕ್ಷಮೆ ಸುಳ್ಳೇ?

ಉತ್ತರ: ಸಹೋದರಿ, ನಿಮ್ಮ ಕ್ಷಮೆ ಸುಳ್ಳಲ್ಲ. ‘ಕ್ಷಮಿಸಿ’ ಎನ್ನುವುದು ಒಂದು ಮಾತು, ‘ಮೊದಲಿನಂತೆ ಇರಿ’ ಎನ್ನುವುದು ಬೇರೊಂದು ಮಾತು. ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದರಿಂದ ನೀವು ತೊಡಕಿಗೆ ಸಿಕ್ಕಿದ್ದೀರಿ.

ನಿಮ್ಮ ಕಟ್ಟಿದ ಬಾಯಿಗೆ ಬೈಬಲಿನ 55ನೆಯ ಕೀರ್ತನೆಯಲ್ಲಿ ಮಾತು ಸಿಗುತ್ತದೆ. ದೂಷಿಸಿದವನು ಹಗೆಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ದೇವಾಲಯಕ್ಕೆ ಜೊತೆಯಾಗಿ ನಡೆದ ಗೆಳೆಯನೇ ಹೀಗೆ ಮಾಡಿದನಲ್ಲ ಎಂದು ಕೀರ್ತನೆಗಾರನು ಗೋಳಿಡುತ್ತಾನೆ; ಮರುವಚನದಲ್ಲೇ ಶಾಪವನ್ನೂ ಹಾಕುತ್ತಾನೆ. ಅಷ್ಟು ಕಟುವಾದ ಸಿಟ್ಟನ್ನು ಪ್ರಾರ್ಥನೆಯಿಂದ ಹೊರಗಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನೀವೂ ಹೊರಗಿಡಬೇಕಿಲ್ಲ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಯೇಸು ಮೇಲುಹೊದಿಕೆಯನ್ನು ತೆಗೆದಿಟ್ಟು, ನಡುವಿಗೆ ಕೈವಸ್ತ್ರ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹೊಯ್ದು ಶಿಷ್ಯರ ಕಾಲು ತೊಳೆಯುವಾಗ ಅವರನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನೂ ಅಲ್ಲಿಯೇ ಇದ್ದನು, ಮತ್ತು ಅವನ ಮನಸ್ಸಿನಲ್ಲಿ ಏನಿದೆ ಎಂಬುದು ಯೇಸುವಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಆ ಪಾದಗಳು ರಾತ್ರಿಯ ಕತ್ತಲೆಗೆ ನಡೆದುಹೋದವು. ಇದನ್ನು ಬೋಧಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಯೇಸು ಏನೂ ಆಗದವರಂತೆ ಊಟ ಮುಂದುವರಿಸಲಿಲ್ಲ. ಯೂದನು ಹೊರಡುವ ಮುಂಚೆಯೇ, ಮನಸ್ಸು ಕಲಕಿ, ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನು ಎಂದು ಎಲ್ಲರ ಎದುರಿಗೇ ಹೇಳಿದರು. ಇದೇ ಸುವಾರ್ತೆಯ 2ನೆಯ ಅಧ್ಯಾಯವಂತೂ, ಮನುಷ್ಯರ ಅಂತರಂಗವನ್ನು ಬಲ್ಲವರಾದ್ದರಿಂದ ಅವರು ತಮ್ಮನ್ನು ಜನರ ವಶಕ್ಕೆ ಒಪ್ಪಿಸಿಕೊಳ್ಳಲಿಲ್ಲವೆಂದು ಬಿಡಿಸಿಯೇ ಹೇಳುತ್ತದೆ. ಪ್ರೀತಿಸಿದವರನ್ನೆಲ್ಲ ಕ್ರಿಸ್ತನೇ ನಂಬಿಬಿಡಲಿಲ್ಲವೆಂದ ಮೇಲೆ ನಿಮ್ಮಿಂದ ಅದನ್ನು ಕೇಳುವುದು ನ್ಯಾಯವಲ್ಲ. ಅಪೊಸ್ತಲ ಪೌಲನೂ ಅಷ್ಟೆ: ವಿಚಾರಣೆಯ ಹೊತ್ತಿನಲ್ಲಿ ತನ್ನ ಕೈಬಿಟ್ಟವರ ಮೇಲೆ ಆ ದೋಷವನ್ನು ಹೊರಿಸದಿರಲೆಂದು ಬೇಡಿಕೊಂಡ ಪತ್ರದಲ್ಲೇ, ತನಗೆ ಕೇಡು ಮಾಡಿದ ಕಂಚುಗಾರ ಅಲೆಕ್ಸಾಂದ್ರನ ವಿಷಯದಲ್ಲಿ ಎಚ್ಚರವಾಗಿರೆಂದು ತನ್ನ ಜೊತೆಗೆಲಸಗಾರ ತಿಮೊಥೆಯನಿಗೆ ಬರೆಯುತ್ತಾನೆ.

ಹಾಗಾದರೆ ಅವಳ ಋಣವಾಗಿ ನಿಮ್ಮ ಮೇಲಿರುವುದೇನು? ಅವಳಿಗೆ ಕೇಡು ಬಯಸದಿರುವುದು, ಅವಳು ಮಾಡಿದ್ದನ್ನು ಇನ್ನೊಂದು ಕೂಟದಲ್ಲಿ ನೀವು ‘ಪ್ರಾರ್ಥನಾ ವಿಷಯ’ ಮಾಡದಿರುವುದು, ಮತ್ತು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ ಹೇಳುವಂತೆ ಒಬ್ಬರೇ ಹೋಗಿ ಅವಳ ತಪ್ಪನ್ನು ಅವಳಿಗೇ ತಿಳಿಸುವುದು. ಎಪ್ಪತ್ತೇಳು ಸಾರಿ ಕ್ಷಮಿಸು ಎಂಬ ಮಾತನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಅದೇ ಅಧ್ಯಾಯದಲ್ಲಿ ಅದಕ್ಕೂ ಮುಂಚೆ ಬರುವ ಈ ಮಾತನ್ನು ಮಾತ್ರ ಮರೆಯುತ್ತಾರೆ. ‘ನಾನು ನಿನಗೆ ಹೇಳಿದ್ದು ಹತ್ತು ಜನರಿಗೆ ತಲುಪಿತು, ನನ್ನ ಮಗ ಆರಾಧನೆಗೆ ಬರುವುದನ್ನೇ ಬಿಟ್ಟಿದ್ದಾನೆ’ ಎಂದು ನೇರವಾಗಿ ಹೇಳಿ. ಅವಳು ‘ಒಳ್ಳೆಯದಕ್ಕೇ ಮಾಡಿದೆ’ ಎಂದರೆ ವಾದಕ್ಕಿಳಿಯದೆ ಎದ್ದು ಬನ್ನಿ. ನಮಸ್ಕಾರಕ್ಕೆ ನಮಸ್ಕಾರ ಇರಲಿ, ಗುಟ್ಟು ಬೇಡ. ಅವಳು ನಿಜವಾಗಿ ನೊಂದುಕೊಂಡರೆ, ಕೂಟದವರ ಮುಂದೆಯೇ ‘ಅದನ್ನು ಹೇಳಲು ನನಗೆ ಹಕ್ಕಿರಲಿಲ್ಲ’ ಎಂದು ಒಪ್ಪಿಕೊಳ್ಳುವಂತೆ ಕೇಳಿ. ಇದು ಸೇಡಲ್ಲ. ಯೇಸುವಿನ ಬಂಧನದ ರಾತ್ರಿ, ಇದ್ದಿಲ ಬೆಂಕಿ ಉರಿಯುತ್ತಿದ್ದ ಅಂಗಳದಲ್ಲಿ, ಮೂರು ಸಾರಿ ‘ಅವನನ್ನರಿಯೆ’ ಎಂದ ಶಿಷ್ಯ ಪೇತ್ರನನ್ನು ಪುನರುತ್ಥಾನದ ನಂತರ ಯೇಸು ಇನ್ನೊಂದು ಇದ್ದಿಲ ಬೆಂಕಿಯ ಬಳಿಯೇ ಮಾತಾಡಿಸಿದರು, ಅವನಿಗೆ ನೋವಾದರೂ ‘ನನ್ನನ್ನು ಪ್ರೀತಿಸುತ್ತೀಯೋ’ ಎಂದು ಮೂರು ಸಾರಿ ಕೇಳಿಯೇ ತಮ್ಮ ಕುರಿಗಳನ್ನು, ಅಂದರೆ ತಮ್ಮ ಜನರನ್ನು, ಒಪ್ಪಿಸಿದರು.

ಇನ್ನೊಂದು ಮಾತು, ಹೇಳಲು ಸ್ವಲ್ಪ ಹಿಂಜರಿಕೆಯಾದರೂ ಹೇಳುತ್ತೇನೆ. ನಿಮ್ಮ ಪತ್ರದುದ್ದಕ್ಕೂ ಗೆಳತಿಯಿದ್ದಾಳೆ, ಮಗನ ಬಗ್ಗೆ ಒಂದೇ ಒಂದು ಸಾಲಿದೆ. ನೋವು ತಾಳಲಾರದೆ ನೀವು ಬಿಚ್ಚಿಟ್ಟಿರಿ, ಅದು ಅರ್ಥವಾಗುತ್ತದೆ. ಆದರೂ ಆ ಗುಟ್ಟು ಅವನದು, ಮೊದಲು ಹೊರಗೆ ಹೋದದ್ದು ನಿಮ್ಮ ಬಾಯಿಂದ. ಗೆಳತಿಯ ಮನೆಗೆ ಹೋಗುವ ಮುನ್ನ ಅವನ ಕೋಣೆಯ ಬಾಗಿಲು ತಟ್ಟಿ, ಬುದ್ಧಿವಾದವನ್ನೂ ವಚನವನ್ನೂ ಹೊರಗೇ ಬಿಟ್ಟು, ‘ನಿನ್ನನ್ನು ಕೇಳದೆ ಹೇಳಿಬಿಟ್ಟೆ, ತಪ್ಪಾಯಿತು’ ಎನ್ನಿ. ಅವನು ಆ ದಿನವೇ ಉತ್ತರಿಸಬೇಕೆಂದು ಕಾಯಬೇಡಿ.