ಗೋಗಿಯ ಯುರೇನಿಯಂ ಮಿಲ್ಲು ನಮಗೆ ಯಾಕೆ ಬೇಡ

ನಿಮ್ಮ ಪ್ರಶ್ನೆ ಇದು: ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಇದೆ, ಗಣಿ ಮತ್ತು ಮಿಲ್ಲು ಬಂದರೆ ಕೆಲಸ ಸಿಗುತ್ತೆ, ದೇಶಕ್ಕೆ ಕರೆಂಟ್ ಸಿಗುತ್ತೆ, ಅಲ್ಲೇನು ಬಾಂಬ್ ಮಾಡಲ್ಲ, ಆದರೂ ಜನ ಯಾಕೆ ವಿರೋಧ ಮಾಡ್ತಾರೆ, ಇದು ಬರೀ ತಿಳಿವಳಿಕೆ ಇಲ್ಲದ ಭಯ ಅಲ್ವಾ?

ಅಲ್ಲ. ನಾನು ಶಹಾಪುರ ತಾಲ್ಲೂಕಿನವನು. ನಮ್ಮದು ಹತ್ತಿ, ತೊಗರಿ ಬೆಳೆಯುವ ಮನೆ. ಅಣು ವಿದ್ಯುತ್ತೇ ಬೇಡ ಅನ್ನುವವನು ನಾನಲ್ಲ, ಕೈಗಾದ ಕರೆಂಟು ನಮ್ಮ ರಾಜ್ಯಕ್ಕೂ ಬರ್ತಿದೆ ಅನ್ನೋದು ಗೊತ್ತಿದೆ. ಆದರೆ ಯುರೇನಿಯಂ ಮಿಲ್ಲು ಏನು ಬಿಟ್ಟು ಹೋಗುತ್ತೆ ಅಂತ ತಿಳಿದುಕೊಂಡ ಮೇಲೆ ನಾನು ಬೇಡ ಅನ್ನುವವರ ಜೊತೆ ನಿಂತೆ.

ಬಹಳ ಜನ ಗಣಿ ಬಗ್ಗೆ ಮಾತ್ರ ಮಾತಾಡ್ತಾರೆ. ನಿಜವಾದ ಗೋಳು ಇರೋದು ಮಿಲ್ಲಿನಲ್ಲಿ. ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸಿದ ಹಾಗೆ ಇಲ್ಲಿ ಕಲ್ಲನ್ನು ಬೀಸಿ ಪುಡಿ ಮಾಡ್ತಾರೆ. ಆ ಪುಡಿಗೆ ನೀರು, ರಾಸಾಯನಿಕ ಸೇರಿಸಿ ಯುರೇನಿಯಂ ಕರಗಿಸಿ ತೆಗೀತಾರೆ. ಜಾರ್ಖಂಡ್‌ನ ಜಾದುಗುಡದಲ್ಲಿ ಗಂಧಕಾಮ್ಲ ಹಾಕ್ತಾರೆ. ಆಂಧ್ರದ ತುಮ್ಮಲಪಲ್ಲಿಯ ಅದಿರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಆಮ್ಲ ಹಾಕಿದರೆ ಅದೇ ಆಮ್ಲವನ್ನೆಲ್ಲ ಕುಡಿದುಬಿಡುತ್ತೆ, ಹಾಗಾಗಿ ಅಲ್ಲಿ ಸೋಡಾ ಬಳಸ್ತಾರೆ. ಗೋಗಿಯಲ್ಲೂ ಸುಣ್ಣಕಲ್ಲು ಇದೆ, ಇಲ್ಲಿಗೂ ಅದೇ ದಾರಿ. ಕೊನೆಗೆ ಹಳದಿ ಪುಡಿ ಸಿಗುತ್ತೆ. ಅದನ್ನು ಡ್ರಮ್ಮಿಗೆ ತುಂಬಿ ಲಾರಿಯಲ್ಲಿ ಕಳಿಸ್ತಾರೆ. ಅಲ್ಲಿಗೆ ಅವರ ಕೆಲಸ ಮುಗೀತು.

ಉಳಿದಿದ್ದು ಎಲ್ಲಿ ಹೋಯ್ತು? ಜಾದುಗುಡದ ಅದಿರಿನಲ್ಲಿ ಟನ್ನಿಗೆ ಒಂದು ಕಿಲೋ ಯುರೇನಿಯಂ ಕೂಡ ಇಲ್ಲ. ಗೋಗಿಯದು ಅದಕ್ಕಿಂತ ಒಳ್ಳೆ ಅದಿರು ಅಂತಾರೆ, ಇರಲಿ, ಟನ್ನಿಗೆ ಎರಡು ಕಿಲೋ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಮಿಕ್ಕ 998 ಕಿಲೋ ಕಲ್ಲಿನ ಪುಡಿ ರಾಡಿಯಾಗಿ ಪೈಪಿನಲ್ಲಿ ಹರಿದು ಒಂದು ದೊಡ್ಡ ಕಟ್ಟೆಗೆ ಹೋಗುತ್ತೆ. ಇದನ್ನೇ ಟೇಲಿಂಗ್ ಪಾಂಡ್ ಅನ್ನೋದು. ಅದಿರಿನಲ್ಲಿದ್ದ ವಿಕಿರಣದ ನೂರರಲ್ಲಿ ಸುಮಾರು 85 ಪಾಲು ಈ ರಾಡಿಯಲ್ಲೇ ಉಳಿಯುತ್ತೆ, ಯಾಕಂದ್ರೆ ಯುರೇನಿಯಂ ತೆಗೆದರೂ ಅದರ ಜೊತೆಗಿದ್ದ ಥೋರಿಯಂ, ರೇಡಿಯಂ ಎಲ್ಲ ಅಲ್ಲೇ ಇರುತ್ತೆ. ಕಲ್ಲಿನೊಳಗೆ ಗಟ್ಟಿಯಾಗಿ ಕೂತಿದ್ದದ್ದು ಈಗ ಪುಡಿಯಾಗಿ ಬಯಲಿಗೆ ಬಂದಿದೆ. ಒಣಗಿದರೆ ಗಾಳಿಗೆ ಹಾರುತ್ತೆ, ತೇವ ಇದ್ದರೆ ನೆಲಕ್ಕೆ ಇಳಿಯುತ್ತೆ.

ಎಷ್ಟು ಕಾಲ ಇರುತ್ತೆ ಅನ್ನೋದು ನನಗೆ ಮನಸ್ಸಿಗೆ ಇಳಿದದ್ದು ಗೋಗಿಯ ದರ್ಗಾದ ಹತ್ತಿರ ನಿಂತಾಗ. ಅಲ್ಲಿ ಬಿಜಾಪುರದ ಯೂಸುಫ್ ಆದಿಲ್ ಶಾಹನ ಗೋರಿ ಇದೆ, ಅವನು ಸತ್ತದ್ದು 1510ರಲ್ಲಿ. ರೇಡಿಯಂ ಅರ್ಧಕ್ಕೆ ಇಳಿಯೋಕೆ 1600 ವರ್ಷ ಬೇಕು. ಅಂದರೆ ಅವನನ್ನು ಮಣ್ಣು ಮಾಡಿದ ದಿನ ಒಂದು ಹಿಡಿ ರೇಡಿಯಂ ಪಕ್ಕದಲ್ಲಿ ಇಟ್ಟಿದ್ದರೆ ಇವತ್ತಿಗೂ ಐದರಲ್ಲಿ ನಾಲ್ಕು ಪಾಲು ಹಾಗೇ ಇರ್ತಿತ್ತು. ಅಷ್ಟರಲ್ಲಿ ಎಷ್ಟು ರಾಜರು, ಎಷ್ಟು ಸರ್ಕಾರ ಬಂದು ಹೋದವು! ಥೋರಿಯಂ 230 ಅಂತ ಇನ್ನೊಂದಿದೆ, ಅದರ ಅರ್ಧಾಯುಷ್ಯ ಸುಮಾರು 75,000 ವರ್ಷ, ಅದು ಇರೋ ತನಕ ಹೊಸ ರೇಡಿಯಂ ಹುಟ್ಟುತ್ತಲೇ ಇರುತ್ತೆ. ಗಣಿ ನಡೆಯೋದು ಹೆಚ್ಚೆಂದರೆ ಕೆಲವು ದಶಕ. ಆಮೇಲೆ ಆ ಕಟ್ಟೆಯನ್ನು ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಊರ ಗುಡಿ ಮುಂದೆ ಒಮ್ಮೆ ಹತ್ತಿಪ್ಪತ್ತು ಜನ ಕೂತು ಮಾತಾಡ್ತಿದ್ವಿ. ಓದಿದ ಹುಡುಗನೊಬ್ಬ ಮೊಬೈಲಿನಲ್ಲಿ ಚಿತ್ರ ತೋರಿಸಿ ಮಿಲ್ಲು ಹೇಗಿರುತ್ತೆ ಅಂತ ವಿವರಿಸ್ತಿದ್ದ. ಎಲ್ಲ ಕೇಳಿದ ಮೇಲೆ ಮೂಲೆಯಲ್ಲಿ ಕೂತಿದ್ದ ಆಯಿ ಒಬ್ಬಳು ಸೆರಗು ಸರಿ ಮಾಡ್ಕೊಂಡು, "ಅಲ್ಲೋ ತಮ್ಮಾ, ಆ ರಾಡಿ ಎಲ್ಲಿ ಹಾಕ್ತಾರ?" ಅಂದಳು. ಹುಡುಗ ಕಟ್ಟೆ ಕಟ್ಟಿ ಹಾಕ್ತಾರೆ ಅಂದ. "ಕಟ್ಟಿ ಒಡದ್ರ?" ಅಂದಳು. ಅಲ್ಲಿ ಯಾರ ಹತ್ತಿರಾನೂ ಉತ್ತರ ಇರಲಿಲ್ಲ. ಆ ಆಯಿಗೆ ತಿಳಿವಳಿಕೆ ಇಲ್ಲ ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

ಯಾಕಂದ್ರೆ ಕಟ್ಟೆ ಒಡೆದದ್ದಿದೆ. ಅಮೆರಿಕದ ನ್ಯೂ ಮೆಕ್ಸಿಕೋದ ಚರ್ಚ್ ರಾಕ್‌ನಲ್ಲಿ 1979ರ ಜುಲೈ 16ರ ಬೆಳಗ್ಗೆ ಯುರೇನಿಯಂ ಮಿಲ್ಲಿನ ಕಟ್ಟೆ ಒಡೆಯಿತು. 1000 ಟನ್ನಿಗೂ ಹೆಚ್ಚು ರಾಡಿ, ಸುಮಾರು 35 ಕೋಟಿ ಲೀಟರ್ ಆಮ್ಲದ ನೀರು ಪುಯೆರ್ಕೊ ನದಿಗೆ ನುಗ್ಗಿತು. ಕುರಿ ಸಾಕಿ ಬದುಕುವ ನವಾಹೋ ಜನ ಅದೇ ನದಿಯ ದಂಡೆಯಲ್ಲಿದ್ದರು. ನಮ್ಮ ದೇಶದಲ್ಲೂ ಆಗಿದೆ. 2006ರ ಡಿಸೆಂಬರ್‌ನಲ್ಲಿ ಜಾದುಗುಡದಲ್ಲಿ ರಾಡಿ ಸಾಗಿಸುವ ಪೈಪು ಒಡೆದು ಹಳ್ಳಕ್ಕೆ ಸೇರಿತು. ತುಮ್ಮಲಪಲ್ಲಿ ಸುತ್ತಲಿನ ರೈತರು ಬೋರಿನ ನೀರು ಕೆಟ್ಟಿತು, ಬಾಳೆ ಹಾಳಾಯ್ತು ಅಂತ ವರ್ಷಗಟ್ಟಲೆ ದೂರು ಕೊಟ್ಟಿದ್ದಾರೆ. ಮಿಲ್ಲು ನಡೆಸುವ ಕೇಂದ್ರ ಸರ್ಕಾರದ ಕಂಪನಿ ಯುಸಿಐಎಲ್ ಅದನ್ನು ಒಪ್ಪಲಿಲ್ಲ. ಸೋಡಾ ನೀರು ಹೊಲಕ್ಕೆ ಇಳಿದರೆ ವಿಕಿರಣದ ಮಾತು ಹಾಗಿರಲಿ, ಉಪ್ಪಿನಿಂದಲೇ ಮಣ್ಣು ಕೆಡುತ್ತೆ. ಕರಿಮಣ್ಣಿನ ರೈತರಿಗೆ ಸವಳು ಭೂಮಿ ಅಂದರೆ ಏನಂತ ಯಾರೂ ಪಾಠ ಹೇಳಬೇಕಿಲ್ಲ.

ಇನ್ನೊಂದು ಮಾತು ನೇರವಾಗಿ ಹೇಳಿಬಿಡ್ತೀನಿ, ನಮ್ಮ ಕಡೆಯವರಿಗೂ ಇದು ಇಷ್ಟ ಆಗಲ್ಲ. ಗೋಗಿ ಸುತ್ತ ಕೆಲವು ಬೋರುಗಳಲ್ಲಿ ಈಗಾಗಲೇ ಯುರೇನಿಯಂ ಜಾಸ್ತಿ ಇದೆ, ಅದು ಕಲ್ಲಿನಿಂದಲೇ ಬಂದದ್ದು, ಮಿಲ್ಲು ಇಲ್ಲದಿದ್ದರೂ ಬರ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಪೆಟ್ಟು ಬೀಳೋ ಭಯ ಇರೋದು ಕಿಡ್ನಿಗೆ. ಹಾಗಾಗಿ ಮಿಲ್ಲು ಬರಲಿ, ಬಿಡಲಿ, ಆ ಊರುಗಳಿಗೆ ಒಳ್ಳೆ ಕುಡಿಯುವ ನೀರು ಇವತ್ತೇ ಬೇಕು. ವಾಟ್ಸಾಪಿನಲ್ಲಿ ಎಲ್ಲಿಂದಲೋ ತಂದ ಮಕ್ಕಳ ಫೋಟೋ ಹಂಚಿ ಹೆದರಿಸೋದನ್ನು ಬಿಟ್ಟು ನಮ್ಮವರು ಈ ನೀರಿಗಾಗಿ ಗಲಾಟೆ ಮಾಡಬೇಕು ಅಂತ ನನಗನಿಸುತ್ತೆ. ಒಂದು ಸುಳ್ಳು ಫೋಟೋ ಸಿಕ್ಕಿಬಿದ್ದರೆ ನಾವು ಹೇಳೋ ಹತ್ತು ನಿಜಾನೂ ಯಾರೂ ನಂಬಲ್ಲ.

ಕೆಲಸದ ವಿಷಯಕ್ಕೆ ಬರ್ತೀನಿ. ನನ್ನ ಚಿಕ್ಕಪ್ಪನ ಮಗ ಐಟಿಐ ಮಾಡಿದಾನೆ, ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡ್ತಾನೆ. "ಅಣ್ಣಾ, ನೀ ಬ್ಯಾಡ ಅಂತಿ, ನಾ ಎಲ್ಲಿಗೆ ಹೋಗ್ಲಿ ಹೇಳು" ಅಂತ ಕೇಳಿದ. ಅವನ ಮಾತನ್ನು ನಾನು ತಳ್ಳಿಹಾಕಲ್ಲ. ಅಮೆರಿಕದ ಕೊಲೊರಾಡೋದಲ್ಲಿ, ಪ್ಯಾರಡಾಕ್ಸ್ ಕಣಿವೆಯಲ್ಲಿ ಪಿನ್ಯೋನ್ ರಿಜ್ ಅನ್ನುವ ಮಿಲ್ಲು ಬರಬೇಕಾಗಿದ್ದಾಗಲೂ ಇದೇ ಆಯ್ತು. ಕೆಲಸ ಇಲ್ಲದೆ ಕಂಗಾಲಾಗಿದ್ದ ಹತ್ತಿರದ ನ್ಯೂಕ್ಲಾ, ನ್ಯಾಚುರಿಟಾ ಊರುಗಳಲ್ಲಿ ಬಹಳ ಜನ ಬೇಕು ಅಂದರು, ಪ್ರವಾಸಿಗರ ಊರಾದ ಟೆಲ್ಯುರೈಡ್ ಕಡೆಯವರು ಬೇಡ ಅಂದರು. 2011ರಲ್ಲಿ ಲೈಸೆನ್ಸ್ ಕೊಟ್ಟರು, ಸರಿಯಾದ ವಿಚಾರಣೆ ನಡೆಸಿಲ್ಲ ಅಂತ 2012ರಲ್ಲಿ ಕೋರ್ಟು ರದ್ದು ಮಾಡಿತು, 2013ರಲ್ಲಿ ಮತ್ತೆ ಕೊಟ್ಟರು, 2018ರಲ್ಲಿ ಮತ್ತೆ ಹೋಯ್ತು. ಮಿಲ್ಲು ಕಟ್ಟಲೇ ಇಲ್ಲ. ಅಲ್ಲೇ ಸ್ವಲ್ಪ ದೂರದಲ್ಲಿ ಯುರವಾನ್ ಅಂತ ಯುರೇನಿಯಂ ಮಿಲ್ಲನ್ನೇ ನಂಬಿದ್ದ ಒಂದು ಊರಿತ್ತು. ಆ ಊರನ್ನೇ ಕೆಡವಿ, ಅದರ ತ್ಯಾಜ್ಯವನ್ನು ಹೂಳಬೇಕಾಯ್ತು. ಇದನ್ನು ತಮ್ಮನಿಗೆ ಹೇಳಿದೆ. ಅವನು ಒಪ್ಪಿದ ಅಂತಲ್ಲ, ಸುಮ್ಮನಾದ.

ನಾನು ಅವನಿಗೆ ಹೇಳೋದಿಷ್ಟೇ: ಕಾಲುವೆ ನೀರು ಬಂದ ಮೇಲೆ ನಮ್ಮ ಭಾಗದಲ್ಲಿ ಭತ್ತ, ಹತ್ತಿ ಎಷ್ಟು ಬೆಳೀತಿದೆ ನೋಡು. ಆ ಕಡೆ ಭೀಮಾ, ಈ ಕಡೆ ಕೃಷ್ಣಾ. ಎರಡು ನದಿಗಳ ನಡುವೆ ಸಾವಿರಾರು ವರ್ಷ ಕಾಯಬೇಕಾದ ರಾಡಿಯನ್ನು ಇಟ್ಟು, ಕೆಲವು ನೂರು ಜನಕ್ಕೆ ಕೆಲವು ವರ್ಷ ಕೆಲಸ ಕೊಟ್ಟರೆ ಆ ಲೆಕ್ಕ ಕೂಡಲ್ಲ. ಹತ್ತಿಯನ್ನು ಇಲ್ಲೇ ನೂಲು ಮಾಡುವ ಮಿಲ್ಲು ತರಲಿ, ನಾನೇ ಮುಂದೆ ನಿಂತು ಜಾಗ ಕೊಡಿಸ್ತೀನಿ.

ಜನರ ಸಿಟ್ಟು ಜಾಸ್ತಿ ಆಗೋಕೆ ಇನ್ನೊಂದು ಕಾರಣ ಇದೆ. ಮೊದಲು ಇಂಥ ಗಣಿಗೆ ಸಾರ್ವಜನಿಕ ಅಹವಾಲು ಸಭೆ ನಡೆಸಲೇಬೇಕಿತ್ತು, ನಮ್ಮ ಮಾತು ಕಾಗದದ ಮೇಲಾದರೂ ಬರ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಯುರೇನಿಯಂ ಥರದ ಅಣು ಖನಿಜಗಳ ಗಣಿಗೆ ಆ ಸಭೆ ಬೇಡ ಅಂತ ಮಾಡಿತು. ಅಲ್ಲಿ ಬದುಕೋರನ್ನೇ ಕೇಳದೆ ಯೋಜನೆ ತಂದರೆ ಜನ ಹೇಗೆ ನಂಬ್ತಾರೆ, ನೀವೇ ಹೇಳಿ? ಮೇಘಾಲಯದ ಡೊಮಿಯಾಸಿಯಾಟ್‌ನಲ್ಲಿ ಖಾಸಿ ಜನ ದಶಕಗಳಿಂದ ಬೇಡ ಅಂತಿದ್ದಾರೆ. ನಲ್ಲಮಲ ಕಾಡಿನ ವಿಷಯದಲ್ಲಿ ತೆಲಂಗಾಣ ವಿಧಾನಸಭೆಯೇ 2019ರಲ್ಲಿ ಯುರೇನಿಯಂ ಗಣಿ ಬೇಡ ಅಂತ ನಿರ್ಣಯ ಮಾಡಿತು. ನಮ್ಮದೇನು ಒಂಟಿ ದನಿ ಅಲ್ಲ.

ನಿಮ್ಮ ಊರಿನ ಹತ್ತಿರವೂ ಇಂಥದ್ದು ಬರುವ ಸುದ್ದಿ ಇದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ, ಮಿಲ್ಲು ಬರುವ ಮೊದಲೇ. ನಾಳೆ ನೀರು ಕೆಟ್ಟರೆ "ಇದು ಮೊದಲಿಂದಲೂ ಹೀಗೇ ಇತ್ತು" ಅಂತಾರೆ, ಆಗ ನಿಮ್ಮ ಕೈಯಲ್ಲಿ ಹಳೆ ವರದಿ ಇರಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಬೋರನ್ನು ಐದು ನಿಮಿಷ ಓಡಿಸಿ ಬಿಟ್ಟು ಆಮೇಲೆ ಹಿಡೀರಿ, ಬಾಟಲಿ ಮೇಲೆ ಸರ್ವೆ ನಂಬರು, ತಾರೀಖು, ಬೋರಿನ ಆಳ ಬರೀರಿ. ನಮ್ಮ ಹೊಲದ ಬಾಟಲಿ ತುಂಬಿಸೋಕೆ ನಾನು ಹೋದಾಗ ಆ ತಮ್ಮನೇ ಜೊತೆಗೆ ಬಂದಿದ್ದ. ಮೋಟರು ಹಾಕಿದವನೂ ಅವನೇ, ಚೀಟಿ ಬರೆದು ಅಂಟಿಸಿದವನೂ ಅವನೇ.