ಸೋಲಾರ್ ಇದ್ದೂ ಕರೆಂಟ್ ಹೋದಾಗ ಕತ್ತಲೆ ಯಾಕೆ?

ಕಾಸರಗೋಡಿನ ಮಕ್ಕಳ ಆಶ್ರಮದ ಮಾಡಿನ ಮೇಲೆ ಸೋಲಾರ್ ಇದ್ದರೂ ಕರೆಂಟ್ ಹೋದ ಕೂಡಲೇ ದೀಪ ಆರುವುದೇಕೆ ಎಂದು ಕೇಳಿದ್ದೀರಿ. ಅದು ಬ್ಯಾಟರಿಯಿಲ್ಲದ ಆನ್‌ಗ್ರಿಡ್ (ಕರೆಂಟ್ ಲೈನಿಗೆ ಜೋಡಿಸಿದ) ವ್ಯವಸ್ಥೆ, ಹಾಳಾದದ್ದಲ್ಲ. ಲೈನ್ ಆಫ್ ಆದಾಗ ಅದರ ಇನ್ವರ್ಟರ್ (ಪ್ಯಾನೆಲಿನ ಡಿಸಿ ವಿದ್ಯುತ್ತನ್ನು ಮನೆ ಬಳಕೆಯ ಎಸಿಗೆ ಬದಲಿಸುವ ಪೆಟ್ಟಿಗೆ) ತಾನಾಗಿ ನಿಲ್ಲಲೇಬೇಕು; ಇಲ್ಲದಿದ್ದರೆ ನಿಮ್ಮ ಮಾಡಿನ ವಿದ್ಯುತ್ ಹೊರಗೆ ಹರಿದು, ಕಂಬ ಹತ್ತಿದ ಲೈನ್‌ಮ್ಯಾನ್‌ನ ಜೀವಕ್ಕೇ ಅಪಾಯ.

ಸೋಲಾರ್, ಲೈನ್, ಬ್ಯಾಟರಿ ಮೂರರ ಜೊತೆಗೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಿ. 9 ವ್ಯಾಟಿನ 20 ಬಲ್ಬು, 30 ವ್ಯಾಟಿನ 10 ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ) ಫ್ಯಾನು ಸೇರಿ 480 ವ್ಯಾಟ್. 5 ಗಂಟೆಗೆ 2.4 ಯೂನಿಟ್. 12 ವೋಲ್ಟಿನ, 150 ಎಎಚ್‌ನ (ಆಂಪಿಯರ್-ಅವರ್) ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳಲ್ಲಿ 7.2 ಯೂನಿಟ್ ಹಿಡಿಯುತ್ತದೆ. ಬಾಳಿಕೆ ಬರಲೆಂದು ಅರ್ಧವನ್ನೇ ಬಳಸಿದರೂ ಸಾಕು. ಪಂಪು, ಇಸ್ತ್ರಿಪೆಟ್ಟಿಗೆ, ಗ್ರೈಂಡರ್ ಮಾತ್ರ ಈ ಬ್ಯಾಟರಿ ಲೈನಿಗೆ ಬೇಡವೇ ಬೇಡ.

ನಮ್ಮ ಊರಿನಲ್ಲಿ ಮೊದಲು ನೋಡಬೇಕಾದ್ದು ತೆಂಗಿನ ಮರ. ಪ್ಯಾನೆಲ್‌ಗಳನ್ನು ಸರಪಳಿಯಂತೆ ಜೋಡಿಸಿರುವುದರಿಂದ ಒಂದರ ಮೇಲೆ ಮಡಲಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. ಉಪ್ಪುಗಾಳಿಗೆ ಬ್ಯಾಟರಿಯ ಟರ್ಮಿನಲ್ ಕಿಲುಬು ಹಿಡಿಯುತ್ತದೆ, ಪೆಟ್ರೋಲಿಯಂ ಜೆಲ್ಲಿ ಸವರಿ. ಡಿಸ್ಟಿಲ್ಡ್ ವಾಟರ್ ಮಟ್ಟ ತಿಂಗಳಿಗೊಮ್ಮೆ ನೋಡಿ. ಆಟಿ ತಿಂಗಳ (ಆಷಾಢದ) ಮಳೆಯಲ್ಲಿ ಬಿಸಿಲನ್ನೇ ನಂಬುವಂತಿಲ್ಲ, ಲೈನ್ ಕರೆಂಟಿನಿಂದಲೂ ಚಾರ್ಜ್ ಆಗುವಂತೆ ಸೆಟ್ಟಿಂಗ್ ಇಡಿ.